ರೇಷ್ಮೆಹುಳುವಿನ ಕರುಳು

ರೇಷ್ಮೆ ಸಾಕುವ ಮನೆಯನ್ನು ಹೊಕ್ಕವರಿಗೆ ಮೊದಲು ಕೇಳಿಸುವುದು ಎಲೆಯ ಮೇಲೆ ಮಳೆ ಹನಿಯುವಂತಹ ಸದ್ದು. ಸಾವಿರಾರು ಹುಳುಗಳು ಹಿಪ್ಪುನೇರಳೆ ಸೊಪ್ಪನ್ನು ಮೇಯುತ್ತಿರುವ ಸದ್ದು ಅದು. ಮೊಟ್ಟೆಯೊಡೆದು ಬಂದ ಹುಳು ಸುಮಾರು 25 ದಿನಗಳಲ್ಲಿ ತನ್ನ ತೂಕವನ್ನು ಹೆಚ್ಚುಕಡಮೆ 10,000 ಪಟ್ಟು ಬೆಳೆಸಿಕೊಳ್ಳುತ್ತದೆ. ಅದಕ್ಕೆ ಬೇಕಾದ ಆಹಾರವೆಲ್ಲವೂ ಜೀವಕೋಶಗಳ ಒಂದೇ ಒಂದು ಪದರವನ್ನು ದಾಟಿ ಬರಬೇಕೆಂದರೆ ಅಚ್ಚರಿಯಲ್ಲವೆ?

ಹುಳುವಿನ ಅನ್ನಮಾರ್ಗವು ಬಾಯಿಂದ ಗುದದವರೆಗೆ ಚಾಚಿದ ನೇರವಾದ ಕೊಳವೆ. ಅದರಲ್ಲಿ ಮೂರು ಭಾಗಗಳಿವೆ. ಮುಂಭಾಗ ಹಿಂಭಾಗಗಳ ಒಳಮೈಗೆ ಹೊರಚರ್ಮಕ್ಕಿರುವಂತೆಯೇ ಕೈಟಿನ್ನಿನ ಕವಚವುಂಟು. ಹುಳು ಪೊರೆ ಬಿಡುವಾಗ ಅದೂ ಕಳಚಿಹೋಗುತ್ತದೆ. ಎಲ್ಲಕ್ಕಿಂತ ದೊಡ್ಡದಾದ ಮಧ್ಯಭಾಗಕ್ಕೆ ಮಾತ್ರ ಈ ಕವಚವಿಲ್ಲ. ಆಹಾರವನ್ನು ಹೀರಬೇಕಾದ ಕೋಶಗಳು ಕವಚ ತೊಟ್ಟು ಕುಳಿತರೆ ಕೆಲಸ ಸಾಗುವುದೆಂತು? ಅಲ್ಲಿರುವುದು ಜಾಲರಿಯಂತಹ ತೆಳುವಾದ ಪೊರೆ. ಒರಟು ಚೂರುಗಳನ್ನು ತಡೆದು, ಕರಗಿದ ಆಹಾರವನ್ನು ಅದು ಸೋಸಿಬಿಡುತ್ತದೆ.

ಈ ಭಾಗದಲ್ಲಿ ಎರಡು ಬಗೆಯ ಕೋಶಗಳು ಮುಖ್ಯವಾದುವು. ಕಂಬದಂತೆ ನಿಂತ ಸ್ತಂಭಕೋಶಗಳು ಜೀರ್ಣರಸವನ್ನು ಸ್ರವಿಸುತ್ತವೆ. ತುದಿಯ ಅಸಂಖ್ಯ ಸೂಕ್ಷ್ಮ ಎಳೆಗಳಿಂದ ಆಹಾರವನ್ನು ಹೀರುತ್ತವೆ. ಅವುಗಳ ನಡುನಡುವೆ ಬಟ್ಟಲಿನಾಕಾರದ ಚಷಕಕೋಶಗಳಿವೆ. ಇವು ರಕ್ತದಿಂದ ಬಂದ ಪೊಟ್ಯಾಸಿಯಮ್ಮನ್ನು ಎಡೆಬಿಡದೆ ಕರುಳಿನೊಳಕ್ಕೆ ತಳ್ಳುತ್ತವೆ. ಇದರಿಂದ ಅಲ್ಲಿನ ರಸವು ತೀವ್ರ ಕ್ಷಾರವಾಗುತ್ತದೆ. ನಮ್ಮ ಜಠರದಲ್ಲಿರುವುದು ಆಮ್ಲ. ಹುಳುವಿನಲ್ಲಿರುವುದು ಅದಕ್ಕೆ ತೀರ ವಿರುದ್ಧ! ಎಲೆಗಳ ಟ್ಯಾನಿನ್ ಪ್ರೋಟೀನುಗಳನ್ನು ಹಿಡಿದಿಟ್ಟು ಜೀರ್ಣವಾಗದಂತೆ ಮಾಡುವುದನ್ನು ತಪ್ಪಿಸಲು ಕ್ಷಾರವು ಸೊಪ್ಪು ತಿನ್ನುವ ಹುಳುಗಳಿಗೆ ನೆರವಾಗುತ್ತದೆ.

ಆದರೆ ಬಾಳಿಗೆ ಆಸರೆಯಾದುದೇ ಸಾವಿಗೂ ಬಾಗಿಲಾಗಬಹುದು. 1901ರಲ್ಲಿ ಜಪಾನಿನ ವಿಜ್ಞಾನಿ ಇಶಿವಾತ ರೋಗಪೀಡಿತ ರೇಷ್ಮೆಹುಳುಗಳಲ್ಲಿ ಒಂದು ಬ್ಯಾಕ್ಟೀರಿಯವನ್ನು ಕಂಡುಹಿಡಿದರು. ಇಂದು ಅದರ ಹೆಸರು ಬ್ಯಾಸಿಲಸ್ ತುರಿಂಜಿಯೆನ್ಸಿಸ್, ಚಿಕ್ಕದಾಗಿ, ಬಿಟಿ. ಅದರಲ್ಲಿರುವ ಪ್ರೋಟೀನಿನ ಹರಳು ಕ್ಷಾರದಲ್ಲಿ ಕರಗುತ್ತದೆ. ಹುಳುವಿನ ಜೀರ್ಣರಸವೇ ಅದನ್ನು ಕತ್ತರಿಸಿ ವಿಷವನ್ನಾಗಿ ಮಾಡುತ್ತದೆ. ವಿಷವು ಸ್ತಂಭಕೋಶಗಳಿಗೆ ಅಂಟಿ ರಂಧ್ರ ಕೊರೆಯುತ್ತದೆ. ನೀರು ನುಗ್ಗಿ ಕೋಶಗಳು ಊದಿ ಒಡೆಯುತ್ತವೆ. ಹುಳು ಮೇವು ಬಿಟ್ಟು ಸಾಯುತ್ತದೆ. ಜಠರದಲ್ಲಿ ಆಮ್ಲವಿದ್ದು, ಕರುಳಿನಲ್ಲಿ ಆ ವಿಷ ಅಂಟುವ ತಾಣಗಳಿಲ್ಲದ ಮನುಷ್ಯನಿಗೆ ಅದರಿಂದ ಬಾಧೆಯಿಲ್ಲ.

ಬೆಳೆ ತಿನ್ನುವ ಹುಳುಗಳ ನಾಶಕ್ಕೆ ಬಿಟಿಯನ್ನು ಸಿಂಪಡಿಸುವುದುಂಟು. 2002ರಲ್ಲಿ ಭಾರತದಲ್ಲಿ ಅನುಮತಿ ಪಡೆದ ಬಿಟಿ ಹತ್ತಿಯು ಇಂತಹುದೇ ಪ್ರೋಟೀನನ್ನು ತನ್ನೊಳಗೇ ತಯಾರಿಸಿಕೊಂಡು ಕಾಯಿಕೊರಕವನ್ನು ಎದುರಿಸುತ್ತದೆ. ಆದರೆ ಕಾಯಿಕೊರಕದ ಕರುಳೂ ರೇಷ್ಮೆಹುಳುವಿನ ಕರುಳೂ ಒಂದೇ ಮಾದರಿಯವು. ಆದುದರಿಂದ ಹಿಪ್ಪುನೇರಳೆ ತೋಟದ ಬಳಿ ಬಿಟಿಯ ಸಿಂಪಡಣೆ ಸಲ್ಲದು. ಶತ್ರು ಯಾವುದು, ಮಿತ್ರ ಯಾವುದು ಎಂಬುದು ಔಷಧಿಗೆ ತಿಳಿಯದು. ಅದನ್ನು ತಿಳಿದಿರಬೇಕಾದವನು ರೈತ.