ಗಾಳ ಹಾಕುವ ಮೊದಲು ನೆರಳು ನೋಡಿ

ಸೆಮಿಸ್ಟರ್ ಪರೀಕ್ಷೆ ಮುಗಿದರೆ ಸಾಕು, ನಮ್ಮಲ್ಲಿ ಅರ್ಧ ಜನ ಹೊಳೆ ಬದಿಯಲ್ಲಿ ಇರ್ತಾರೆ. ಪುತ್ತೂರು ಕಡೆಯವರಿಗೆ ಉಪ್ಪಿನಂಗಡಿಯಲ್ಲಿ ಕುಮಾರಧಾರೆ ನೇತ್ರಾವತಿಗೆ ಸೇರುವ ಜಾಗ ಹತ್ತಿರ. ಸುಳ್ಯದವರಿಗೆ ಪಯಸ್ವಿನಿ. ಕಡಬದವರಿಗೆ ಕುಮಾರಧಾರೆಯೂ ಉಂಟು, ಗುಂಡ್ಯ ಹೊಳೆಯೂ ಉಂಟು. ಬೆಳಿಗ್ಗೆ ಗಾಳ ಹಿಡಿದುಕೊಂಡು ಹೋದವರು ಸಂಜೆ ವಾಪಸ್ ಬರುವಾಗ ಮೀನು ಸಿಕ್ಕಿರಲಿ ಬಿಡಲಿ, ಮೂಗಿನ ತುದಿ, ಕಿವಿ, ಕತ್ತಿನ ಹಿಂಭಾಗ ಮಾತ್ರ ಉರಿಯುತ್ತಿರುತ್ತದೆ. ಎರಡು ಮೂರು ದಿನ ಬಿಟ್ಟು ಚರ್ಮ ಸುಲಿಯುತ್ತದೆ.

ವಿಚಿತ್ರ ಎಂತ ಅಂದರೆ, ಅಷ್ಟು ಹೊತ್ತು ಹೊಳೆಯಲ್ಲಿ ಇದ್ದಾಗ ಯಾರಿಗೂ ಸೆಕೆ ಆಗಿರುವುದಿಲ್ಲ. ಕಾಲು ನೀರಿನಲ್ಲಿ, ಮುಖಕ್ಕೆ ಗಾಳಿ, ಎಲ್ಲ ತಂಪು. ಹಾಗಾದರೆ ಸುಟ್ಟದ್ದು ಹೇಗೆ? ಉತ್ತರ ನಮ್ಮ ಫಿಸಿಕ್ಸ್ ಪುಸ್ತಕದಲ್ಲೇ ಉಂಟು.

ಬಿಸಿ ಬೇರೆ, ಸುಡುವುದು ಬೇರೆ

ಬಿಸಿಲಿನಲ್ಲಿ ನಮಗೆ ಬಿಸಿ ಅನ್ನಿಸುವುದು ಮುಖ್ಯವಾಗಿ ಕಣ್ಣಿಗೆ ಕಾಣುವ ಬೆಳಕು ಮತ್ತು ಇನ್‌ಫ್ರಾರೆಡ್ ಕಿರಣಗಳಿಂದ. ಚರ್ಮವನ್ನು ಸುಡುವುದು ಅಲ್ಟ್ರಾವಯಲೆಟ್, ಅಂದರೆ ಯುವಿ. ಇದರಲ್ಲಿ ಯುವಿ-ಬಿ 280ರಿಂದ 315 ನ್ಯಾನೋಮೀಟರ್, ಯುವಿ-ಎ 315ರಿಂದ 400. ಚರ್ಮ ಕೆಂಪಾಗಿ ಉರಿಯಲು ಹೆಚ್ಚಿನ ಕಾರಣ ಯುವಿ-ಬಿ. ಯುವಿ-ಎ ಇನ್ನೂ ಆಳಕ್ಕೆ ಇಳಿದು ಚರ್ಮವನ್ನು ನಿಧಾನಕ್ಕೆ ಸುಕ್ಕುಗಟ್ಟಿಸುತ್ತದೆ. ಎರಡೂ ನಮಗೆ ಕಾಣುವುದಿಲ್ಲ, ಬೀಳುವಾಗ ಗೊತ್ತಾಗುವುದೂ ಇಲ್ಲ.

ಗ್ರೌಂಡಿನಲ್ಲಿ ಕ್ರಿಕೆಟ್ ಆಡುವಾಗ ತಲೆ ಕಾದರೆ ನಾವೇ ನೆರಳಿಗೆ ಓಡ್ತೇವೆ. ಹೊಳೆಯಲ್ಲಿ ಆ ಎಚ್ಚರಿಕೆ ಗಂಟೆ ಬಾರಿಸುವುದೇ ಇಲ್ಲ. ಗಾಳಿ ಮತ್ತು ನೀರು ಬಿಸಿಯನ್ನು ತೆಗೆದುಕೊಂಡು ಹೋಗುತ್ತವೆ, ಯುವಿಯನ್ನು ಅಲ್ಲ. ಈ ಲೇಖನದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಹೊಳೆ ಬದಿಯಲ್ಲಿ ಸೆಕೆಯನ್ನು ನಂಬಬಾರದು.

ಆಕಾಶದಿಂದಲೂ ಬರುತ್ತದೆ

"ನೀರು ಬಿಸಿಲನ್ನು ಮುಖಕ್ಕೆ ಹೊಡೆಯುತ್ತದೆ" ಅಂತ ಎಲ್ಲರೂ ಹೇಳ್ತಾರೆ. ಅದು ಸ್ವಲ್ಪ ನಿಜ. ಆದರೆ ಸೂರ್ಯ ನೆತ್ತಿಯ ಮೇಲಿದ್ದಾಗ ಅಲುಗದ ನೀರು ವಾಪಸ್ ಕಳಿಸುವುದು ಶೇಕಡಾ 2ರಷ್ಟು ಬೆಳಕು ಮಾತ್ರ. ನೀರಿನ ರಿಫ್ರಾಕ್ಟಿವ್ ಇಂಡೆಕ್ಸ್ 1.33 ಹಾಕಿ ನೀವೇ ಲೆಕ್ಕ ಮಾಡಬಹುದು. ಸೂರ್ಯ ಕೆಳಗಿದ್ದಾಗ ಇದು ಜಾಸ್ತಿಯಾಗುತ್ತದೆ.

ದೊಡ್ಡ ಪಾಲು ಬರುವುದು ಮೇಲಿನಿಂದಲೇ, ಅದೂ ಸೂರ್ಯನಿಂದ ನೇರವಾಗಿ ಮಾತ್ರ ಅಲ್ಲ. ರೇಲೀ ಸ್ಕ್ಯಾಟರಿಂಗ್ ತರಂಗಾಂತರದ ನಾಲ್ಕನೇ ಘಾತಕ್ಕೆ ವಿಲೋಮ. ಆ ಲೆಕ್ಕದಲ್ಲಿ 310 ನ್ಯಾನೋಮೀಟರಿನ ಯುವಿ, 550ರ ಹಸಿರು ಬೆಳಕಿಗಿಂತ ಸುಮಾರು 10 ಪಟ್ಟು ಹೆಚ್ಚು ಚದುರುತ್ತದೆ. ಹಾಗಾಗಿ ನೆಲಕ್ಕೆ ತಲುಪುವ ಯುವಿ-ಬಿಯಲ್ಲಿ ಸುಮಾರು ಅರ್ಧ ಇಡೀ ಆಕಾಶದಿಂದ ಬರುತ್ತದೆ. ಅಡಿಕೆ ತೋಟದ ಒಳಗೆ ನಿಂತರೆ ಆಕಾಶ ಚೂರುಚೂರಾಗಿ ಕಾಣುತ್ತದೆ. ಹೊಳೆ ಮಧ್ಯದ ಬಂಡೆ ಮೇಲೆ ಕೂತರೆ ಇಡೀ ಆಕಾಶ ನಮ್ಮ ಮೇಲೆಯೇ. ದಡದಲ್ಲಿ ಒಂದು ಸಣ್ಣ ಮರದ ಕೆಳಗೆ ಕೂತು "ನೆರಳಲ್ಲಿ ಇದ್ದೇವೆ" ಅಂದುಕೊಂಡವರಿಗೂ ಪಕ್ಕದ ಆಕಾಶದಿಂದ ಯುವಿ ಬೀಳುತ್ತದೆ. ತೆಳು ಮೋಡ ಇದ್ದರೂ ಹೆಚ್ಚಿನ ಭಾಗ ದಾಟಿ ಬರುತ್ತದೆ.

ಗಡಿಯಾರಕ್ಕಿಂತ ನೆರಳು ಒಳ್ಳೆಯದು

ನಮ್ಮ ಊರು ಇರುವುದು ಸುಮಾರು 12.6 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಂದರೆ ಏಪ್ರಿಲ್ 24ರ ಆಚೀಚೆ ಮತ್ತು ಆಗಸ್ಟ್ 20ರ ಆಚೀಚೆ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಗೆ ಬರ್ತಾನೆ. ಆಗಸ್ಟಿನಲ್ಲಿ ಮಳೆಗಾಲದ ದಪ್ಪ ಮೋಡ ಇರುತ್ತದೆ. ಏಪ್ರಿಲಿನಲ್ಲಿ ಅದೂ ಇಲ್ಲ, ಹೊಳೆಯಲ್ಲಿ ನೀರು ಇಳಿದು ಬಂಡೆಗಳು ಎದ್ದಿರುತ್ತವೆ, ಎಲ್ಲರೂ ಗಾಳ ಹಿಡಿದು ಹೊರಡುವುದೂ ಆಗಲೇ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಯುವಿ ಇಂಡೆಕ್ಸ್ 3 ದಾಟಿದರೆ ರಕ್ಷಣೆ ಬೇಕು, 11 ಅಂದರೆ ವಿಪರೀತ. ಏಪ್ರಿಲಿನ ಶುಭ್ರ ಮಧ್ಯಾಹ್ನ ನಮ್ಮಲ್ಲಿ 11 ದಾಟುವುದು ಸಾಮಾನ್ಯ.

ಇನ್ನೊಂದು ವಿಷಯ. ಭಾರತದ ಸಮಯ 82.5 ಡಿಗ್ರಿ ರೇಖಾಂಶದ್ದು, ನಾವಿರುವುದು ಸುಮಾರು 75.3ರಲ್ಲಿ. ಒಂದು ಡಿಗ್ರಿಗೆ 4 ನಿಮಿಷದ ಲೆಕ್ಕದಲ್ಲಿ ನಮ್ಮ ನಿಜವಾದ ಮಧ್ಯಾಹ್ನ ಏಪ್ರಿಲಿನಲ್ಲಿ ಹೆಚ್ಚುಕಡಿಮೆ 12:27ಕ್ಕೆ. ಹಾಗಾಗಿ 12ಕ್ಕೆ "ಇನ್ನು ಬಿಸಿಲು ಇಳಿಯುತ್ತದೆ" ಅಂತ ಕೂತರೆ ಬಿಸಿಲು ಇನ್ನೂ ಏರುತ್ತಿರುತ್ತದೆ.

ಇದೆಲ್ಲ ನೆನಪಿಡುವುದು ಕಷ್ಟವಾದರೆ ನಿಮ್ಮ ನೆರಳು ನೋಡಿ. ನೆರಳು ನಿಮಗಿಂತ ಗಿಡ್ಡ ಇದ್ದರೆ ಸೂರ್ಯ 45 ಡಿಗ್ರಿಗಿಂತ ಮೇಲಿದ್ದಾನೆ, ಯುವಿ ಜೋರಾಗಿದೆ ಅಂತ ಅರ್ಥ. ಏಪ್ರಿಲ್ ಕೊನೆಗೆ ನಮ್ಮಲ್ಲಿ ಇದು ಸುಮಾರು 9:20ರಿಂದ 3:30ರವರೆಗೆ. ಅದಕ್ಕಿಂತ ಮುಂಚೆ ಅಥವಾ ಅದರ ನಂತರ ಗಾಳ ಹಾಕುವುದು ಅತ್ಯಂತ ಅಗ್ಗದ ಸನ್‌ಸ್ಕ್ರೀನ್.

"ಕಪ್ಪಾಗ್ತಿ ಮಾರಾಯ" ಅಂದರೆ

ಮನೆಯಲ್ಲಿ ಬಿಸಿಲಿನ ವಿಷಯ ಬಂದರೆ ಅಮ್ಮ ಅಜ್ಜಿ ಹೇಳುವುದು ಒಂದೇ: ಕಪ್ಪಾಗ್ತಿ. ಇದರಿಂದ ಎರಡು ತೊಂದರೆ ಆಗಿದೆ. ಕಪ್ಪಾಗುವುದೇ ರೋಗ ಅನ್ನುವ ಹಾಗೆ ಆಗಿದೆ, ಅದು ತಪ್ಪು. ಮೆಲನಿನ್ ನಮ್ಮ ಚರ್ಮದ ಸ್ವಂತ ಕೊಡೆ. ಎರಡನೆಯದು, ಕ್ರೀಮ್ ಅಂದರೆ ಬೆಳ್ಳಗಾಗುವ ಸಾಮಾನು, ಹುಡುಗಿಯರ ಸಾಮಾನು ಅಂತ ಹುಡುಗರು ಅದನ್ನು ಮುಟ್ಟುವುದೇ ಇಲ್ಲ. "ಮೀನು ಹಿಡಿಲಿಕ್ಕೆ ಹೋಗುದಾ, ಮದುವೆಗೆ ಹೋಗುದಾ?" ಅಂತ ತಮಾಷೆ ಬೇರೆ. ನಮ್ಮ ಬಣ್ಣದ ಚರ್ಮದಲ್ಲಿ ಚರ್ಮದ ಕ್ಯಾನ್ಸರ್ ಕಡಿಮೆ ನಿಜ, ಆದರೆ ಸುಡುವುದು, ಬಂಗು ಬರುವುದು, ತುಟಿ ಒಡೆಯುವುದು ತಪ್ಪುವುದಿಲ್ಲ. ಕಣ್ಣಿಗಂತೂ ಮೆಲನಿನ್ ಕೊಡೆ ಅಷ್ಟಾಗಿ ಇಲ್ಲ. ವರ್ಷಗಟ್ಟಲೆ ಬಿಸಿಲಿನಲ್ಲಿ, ನೀರಿನ ಮೇಲೆ ಕೆಲಸ ಮಾಡಿದವರಿಗೆ ಕಣ್ಣಿನ ಬಿಳಿ ಭಾಗದಿಂದ ಕರಿಗುಡ್ಡೆ ಕಡೆಗೆ ಮಾಂಸದ ಪೊರೆ ಬೆಳೆಯುವುದುಂಟು.

ಮುಟ್ಟಾಳೆಗೆ ಒಂದು ಬೈರಾಸು ಸೇರಿಸಿ

ನಮ್ಮ ಊರಿನ ಟೊಪ್ಪಿ ಅಡಿಕೆ ಹಾಳೆಯ ಮುಟ್ಟಾಳೆ. ಹಗುರ, ದಪ್ಪ, ಬಿಸಿ ಒಳಗೆ ಇಳಿಯುವುದಿಲ್ಲ. ನೆತ್ತಿಗೆ ಇದಕ್ಕಿಂತ ಒಳ್ಳೆಯದು ಬೇಡ. ಆದರೆ ಮುಟ್ಟಾಳೆಗೆ ಅಂಚು ಇಲ್ಲ. ಮೂಗು, ಕೆನ್ನೆ, ಕಿವಿ, ಕತ್ತು ಪೂರ್ತಿ ಹೊರಗೆ. ಕ್ರಿಕೆಟ್ ಕ್ಯಾಪಿನದ್ದೂ ಅದೇ ಕತೆ, ಹಣೆ ಮೂಗಿಗೆ ಸ್ವಲ್ಪ ನೆರಳು, ಕಿವಿ ಕತ್ತಿಗೆ ಇಲ್ಲ.

ಪರಿಹಾರ ಸುಲಭ. ಒಂದು ಬೈರಾಸನ್ನು ತಲೆ ಮೇಲೆ ಹಾಕಿ, ಎರಡೂ ಬದಿ ಕಿವಿ ಮುಚ್ಚಿ ಭುಜದವರೆಗೆ ಇಳಿಬಿಟ್ಟು, ಅದರ ಮೇಲೆ ಮುಟ್ಟಾಳೆ ಅಥವಾ ಕ್ಯಾಪ್ ಇಡಿ. ಸುತ್ತಲೂ ಅಗಲ ಅಂಚಿನ ಟೊಪ್ಪಿ ಇದ್ದರೆ ಇನ್ನೂ ಒಳ್ಳೆಯದು. ತೋಳಿಗೆ ಒತ್ತಾಗಿ ನೇಯ್ದ, ಗಾಢ ಬಣ್ಣದ ಉದ್ದ ತೋಳಿನ ಅಂಗಿ ಹಾಕಿ. ತೆಳು ಬಿಳಿ ಹತ್ತಿ ಬನಿಯನ್ ಒದ್ದೆಯಾದರೆ ಅದರ ತಡೆ ಇನ್ನೂ ಕಡಿಮೆ ಆಗುತ್ತದೆ. ಬೀಸುಬಲೆ ಹಾಕುವವರು ಒದ್ದೆಯಾಗುವುದು ಖಂಡಿತ, ಅವರು ಇದನ್ನು ಗಮನಿಸಬೇಕು.

ಕ್ರೀಮಿನ ಲೆಕ್ಕ

ಬಟ್ಟೆ ಮುಚ್ಚದ ಜಾಗಕ್ಕೆ ಮಾತ್ರ ಕ್ರೀಮ್. ಎಸ್‌ಪಿಎಫ್ 30 ಅಂದರೆ ಸುಡುವ ಕಿರಣದ ಮೂವತ್ತರಲ್ಲಿ ಒಂದು ಪಾಲು ದಾಟುತ್ತದೆ, ಅಂದರೆ ಸುಮಾರು 97 ಶೇಕಡಾ ತಡೆ. 50ಕ್ಕೆ 98. ಹಾಗಾಗಿ ದುಬಾರಿ ನಂಬರಿಗಿಂತ ಸರಿಯಾಗಿ ಹಚ್ಚುವುದು ಮುಖ್ಯ. ಪ್ರಯೋಗಾಲಯದಲ್ಲಿ ಅಳೆಯುವುದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ. ಮುಖ, ಕಿವಿ, ಕತ್ತು ಸೇರಿ 600 ಚದರ ಸೆಂಟಿಮೀಟರ್ ಅಂತ ಇಟ್ಟುಕೊಂಡರೆ ಒಂದು ಸಲಕ್ಕೆ 1.2 ಗ್ರಾಂ ಬೇಕು. ತೋರುಬೆರಳು, ನಡುಬೆರಳಿನ ಉದ್ದಕ್ಕೂ ಒಂದೊಂದು ಗೆರೆ ಹಾಕಿದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. 50 ಗ್ರಾಂ ಟ್ಯೂಬ್ ಸುಮಾರು 40 ಸಲಕ್ಕೆ. ನಾಲ್ಕು ಜನ ಸೇರಿ ಒಂದು ತೆಗೆದುಕೊಂಡರೆ ಹೆಚ್ಚೇನೂ ಭಾರ ಆಗುವುದಿಲ್ಲ.

ಯುವಿ-ಎಗೆ ಪಿಎ ಅಂತ ಬರೆದು ಮುಂದೆ ಪ್ಲಸ್ ಗುರುತು ಇರುವುದನ್ನು ನೋಡಿ. ಹೊರಡುವ 20 ನಿಮಿಷ ಮುಂಚೆ ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತು ಮುಖ ತೊಳೆದಾಗಲೆಲ್ಲ ಮತ್ತೆ ಹಚ್ಚಿ. ತೆಂಗಿನೆಣ್ಣೆ ಇದರ ಬದಲಿಗೆ ಆಗುವುದಿಲ್ಲ.

ಕನ್ನಡಕದ ಬಗ್ಗೆ ಒಂದು ಮಾತು. ಪೋಲರೈಸ್ಡ್ ಗಾಜು ನೀರಿನ ಹೊಳಪನ್ನು ತೆಗೆಯುತ್ತದೆ, ನೀರೊಳಗಿನ ಮೀನು ಕಾಣುತ್ತದೆ. ಆದರೆ ಅದು ಯುವಿ ತಡೆಯುತ್ತದೆ ಅಂತ ಅಲ್ಲ. ಯುವಿ 400 ಅಂತ ಬರೆದಿರಬೇಕು. ಯುವಿ ತಡೆಯದ ಬರೀ ಕಪ್ಪು ಗಾಜು ಹಾಕಿದರೆ ಕಣ್ಣಿನ ಪಾಪೆ ಅಗಲವಾಗಿ ಇನ್ನಷ್ಟು ಯುವಿ ಒಳಗೆ ಹೋಗಬಹುದು.

ಮಾತ್ರೆ ಮತ್ತು ನಿಂಬೆಹುಳಿ

ಇವೆರಡು ಹೆಚ್ಚಿನವರಿಗೆ ಗೊತ್ತಿಲ್ಲ. ಮೊಡವೆಗೆ, ಇಲಿಜ್ವರಕ್ಕೆ ಡಾಕ್ಟರು ಕೊಡುವ ಡಾಕ್ಸಿಸೈಕ್ಲಿನ್ ಮಾತ್ರೆ ತೆಗೆದುಕೊಳ್ಳುವಾಗ ಚರ್ಮ ಬೇಗ ಸುಡುತ್ತದೆ. ಮೊಡವೆಯ ಕೆಲವು ಮುಲಾಮುಗಳೂ ಹಾಗೆಯೇ. ಮಾತ್ರೆ ನಿಲ್ಲಿಸುವುದು ಬೇಡ, ಡಾಕ್ಟರರನ್ನು ಕೇಳಿ, ಅಷ್ಟು ದಿನ ಮಧ್ಯಾಹ್ನದ ಹೊಳೆ ನಿಲ್ಲಿಸಿ.

ಇನ್ನು, ಮೀನಿನ ವಾಸನೆ ಹೋಗಲಿ ಅಂತ ಕೈಗೆ ನಿಂಬೆಹುಳಿ ಉಜ್ಜಿಕೊಂಡು ಬಿಸಿಲಿನಲ್ಲಿ ಕೂರುವುದು. ನಿಂಬೆಯಲ್ಲಿರುವ ಫ್ಯೂರೋಕೌಮರಿನ್ ಎಂಬ ವಸ್ತುಗಳು ಯುವಿ-ಎ ಜೊತೆ ಸೇರಿ ಚರ್ಮವನ್ನು ಸುಟ್ಟ ಹಾಗೆ ಮಾಡುತ್ತವೆ, ಗುಳ್ಳೆ ಬರಬಹುದು, ಕಪ್ಪು ಕಲೆ ವಾರಗಟ್ಟಲೆ ಉಳಿಯುತ್ತದೆ. ನಿಂಬೆ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆದೇ ಬಿಸಿಲಿಗೆ ಬನ್ನಿ.

ಸುಟ್ಟೇ ಹೋದರೆ

ಮೊದಲು ಬಿಸಿಲಿನಿಂದ ಹೊರಗೆ ಬನ್ನಿ. ತಣ್ಣೀರಿನಲ್ಲಿ ಅದ್ದಿದ ಶುದ್ಧ ಬಟ್ಟೆ ಇಡಿ. ನೀರು, ಬೊಂಡ ಕುಡಿಯಿರಿ. ಐಸನ್ನು ನೇರ ಇಡಬೇಡಿ, ಟೂತ್‌ಪೇಸ್ಟ್ ಹಚ್ಚಬೇಡಿ, ಗುಳ್ಳೆ ಒಡೆಯಬೇಡಿ. ದೊಡ್ಡ ಗುಳ್ಳೆ, ಜ್ವರ, ವಾಂತಿ, ತಲೆಸುತ್ತು ಇದ್ದರೆ ಡಾಕ್ಟರ ಹತ್ತಿರ ಹೋಗಲೇಬೇಕು.

ನಾವು ವರ್ಷಕ್ಕೆ ನಾಲ್ಕೈದು ಸಲ ಹೋಗುವವರು. ಊರಿನಲ್ಲಿ ದಿನಾ ಹೊಳೆಗೆ ಇಳಿಯುವ ಮಾವಂದಿರು, ಅಣ್ಣಂದಿರು ಇದ್ದಾರೆ, ಅವರ ಕಣ್ಣಿಗೆ ಬೀಳುವ ಯುವಿ ನಮ್ಮದಕ್ಕಿಂತ ಎಷ್ಟೋ ಪಟ್ಟು. ಮುಂದಿನ ಸಲ ಹೋಗುವಾಗ ಒಂದು ಬೈರಾಸು ಜಾಸ್ತಿ ಹಿಡಿದುಕೊಳ್ಳಿ, ನೆರಳಿನ ಲೆಕ್ಕವನ್ನು ಅವರಿಗೂ ಹೇಳಿ. ತೊಡಿಕಾನದ ಮತ್ಸ್ಯತೀರ್ಥದಂಥ ದೇವರ ಮೀನಿನ ಜಾಗಗಳಲ್ಲಿ ಮಾತ್ರ ಗಾಳ ಚೀಲದಿಂದ ಹೊರಗೆ ತೆಗೆಯಬೇಡಿ.