ಶಿವಮೊಗ್ಗ ಸುಬ್ಬಣ್ಣನವರ ಗಾನಸೇವೆ

ಕೆಲವು ದಿನಗಳ ಹಿಂದೆ ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯಲ್ಲಿ ಮಿತ್ರರೊಬ್ಬರ ಮನೆಯ ಜಗಲಿಯ ಮೇಲೆ ಕುಳಿತಿದ್ದಾಗ, ಒಳಗೆ ಬಾಲಕನೊಬ್ಬನ ಮೊಬೈಲಿನಿಂದ ಹಾಡೊಂದು ಕೇಳಿಬಂದಿತು. ಮನೆಯ ಹಿರಿಯರು ಅಡಕೆ ಸುಲಿಯುತ್ತಿದ್ದ ಕೈಯನ್ನು ನಿಲ್ಲಿಸಿ, "ಇದು ನಮ್ಮ ನಗರದ ಸುಬ್ಬಣ್ಣನವರ ಸ್ವರ ಅಲ್ಲವೋ?" ಎಂದರು. ಹಾಡನ್ನು ಬರೆದ ಕವಿ ಯಾರೆಂದು ನಾವು ಬಾಲಕನನ್ನು ಕೇಳಲು, ಅವನು ಮೊಬೈಲನ್ನೇ ತಿರುಗಿಸಿ ನೋಡಿದನು. ಅದರಲ್ಲಿಯೂ ಕವಿಯ ಹೆಸರಿರಲಿಲ್ಲ. ಈ ಅಲ್ಪಪ್ರಸಂಗವೇ ಇಂದಿನ ಲೇಖನಕ್ಕೆ ಕಾರಣ.

ಹಿರಿಯರು "ನಮ್ಮ" ಎಂದುದು ಅಭಿಮಾನದ ಮಾತು ಮಾತ್ರವಲ್ಲ. ಸುಬ್ಬಣ್ಣನವರು ಹುಟ್ಟಿದ ನಗರವು ಹೊಸನಗರ ತಾಲ್ಲೂಕಿಗೆ ಸೇರಿದ್ದು. ಒಂದು ಕಾಲಕ್ಕೆ ಬಿದನೂರೆಂಬ ಹೆಸರಿನಿಂದ ಕೆಳದಿಯ ಅರಸರ ರಾಜಧಾನಿಯಾಗಿತ್ತು. ಚಂದ್ರಗುತ್ತಿಯ ಕೋಟೆಯೂ ಆ ಅರಸರ ಅಧೀನದಲ್ಲಿಯೇ ಇದ್ದಿತು. 1763ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದಮೇಲೆ ಅಲ್ಲಿಯ ವೈಭವವು ಅಳಿದು, ಕೋಟೆಯ ಕಲ್ಲುಗಳು ಮಾತ್ರ ಉಳಿದವು. ಇಂತಹ ಊರಿನಲ್ಲಿ 1938ರ ಡಿಸೆಂಬರ್ 14ರಂದು ಜನಿಸಿದ ಜಿ. ಸುಬ್ರಹ್ಮಣ್ಯರು ಮುಂದೆ ಶಿವಮೊಗ್ಗ ಸುಬ್ಬಣ್ಣನೆಂದು ನಾಡಿಗೆಲ್ಲ ಪರಿಚಿತರಾದರು. ಜೀವನೋಪಾಯಕ್ಕೆ ಅವರು ಆರಿಸಿಕೊಂಡದ್ದು ವಕೀಲಿ ವೃತ್ತಿ. ಜೀವಿತದ ಸಾರ್ಥಕ್ಯಕ್ಕೆ ಆರಿಸಿಕೊಂಡದ್ದು ಸುಗಮ ಸಂಗೀತ. ಹಗಲೆಲ್ಲ ಕಾಗದಪತ್ರಗಳ ನಡುವೆ ದುಡಿಯುವ ನಮ್ಮ ವಾಚಕರಲ್ಲಿ ಅನೇಕರಿಗೆ ಇದು ಸಮಾಧಾನವನ್ನೂ ಉತ್ತೇಜನವನ್ನೂ ಕೊಡತಕ್ಕ ಸಂಗತಿ.

ಸುಗಮ ಸಂಗೀತವೆಂಬುದು ಹೆಸರಿಗೆ ಸುಗಮವೇ ಹೊರತು ಸಾಧನೆಗೆ ಸುಗಮವಲ್ಲ. ಶಾಸ್ತ್ರೀಯ ಗಾಯಕನು ರಾಗವನ್ನು ವಿಸ್ತರಿಸುವಾಗ ಮಾತು ಮರೆಯಾದರೂ ರಸಿಕರು ಕ್ಷಮಿಸಬಲ್ಲರು. ಭಾವಗೀತೆಯನ್ನು ಹಾಡುವವನಿಗೆ ಆ ಸ್ವಾತಂತ್ರ್ಯವಿಲ್ಲ. ಅಲ್ಲಿ ಮಾತೇ ಯಜಮಾನ, ರಾಗವು ಪರಿಚಾರಕ. ಒಂದು ಅಕ್ಷರ ನುಂಗಿಹೋದರೆ ಕವಿಯ ಅರ್ಥವೇ ನುಂಗಿಹೋಗುತ್ತದೆ. ಸುಬ್ಬಣ್ಣನವರದು ಕಂಚಿನ ಕಂಠವೆಂದು ಎಲ್ಲರೂ ಹೊಗಳುತ್ತಿದ್ದರು. ಆ ಕಂಠವು ತಾರಸ್ಥಾಯಿಗೆ ಏರಿದಾಗಲೂ ಅಕ್ಷರ ಒಡೆಯುತ್ತಿರಲಿಲ್ಲವೆಂಬುದೇ ಅವರ ನಿಜವಾದ ಹಿರಿಮೆಯೆಂದು ನಮ್ಮ ಅಭಿಪ್ರಾಯ. ಕುವೆಂಪು, ಬೇಂದ್ರೆ ಮೊದಲಾದವರ ಕವನಗಳನ್ನೂ ಶಿಶುನಾಳ ಶರೀಫರ ಪದಗಳನ್ನೂ, ಪುಸ್ತಕವನ್ನು ಎಂದೂ ತೆರೆಯದ ಲಕ್ಷಾಂತರ ಜನರು ಅವರ ಬಾಯಿಂದಲೇ ಕಲಿತರು.

ಅಮೆರಿಕೆಯ ಕೆಲವು ಗಾನಪ್ರಕಾರಗಳಲ್ಲಿ, ತಾನೇ ಪದ ಕಟ್ಟಿ, ತಾನೇ ಸ್ವರ ಹೂಡಿ, ತಾನೇ ಹಾಡುವವರು ಅನೇಕರು. ನಮ್ಮಲ್ಲಿಯೂ ಪುರಂದರದಾಸರು ಹಾಗೆಯೇ ಇದ್ದರು. ಕುಪ್ಪಗಡ್ಡೆಗೆ ನೆರೆಯಾದ ಶಿಕಾರಿಪುರ ಸೀಮೆಯ ಬಳ್ಳಿಗಾವೆಯ ಅಲ್ಲಮಪ್ರಭುವನ್ನು ಹರಿಹರ ಕವಿಯು ಮದ್ದಳೆ ಬಾರಿಸುವವನೆಂದೇ ವರ್ಣಿಸಿರುವನು. ಆದರೆ ಇಪ್ಪತ್ತನೆಯ ಶತಮಾನದ ಕನ್ನಡ ಭಾವಗೀತೆಯಲ್ಲಿ ಈ ಕೆಲಸವು ಹೆಚ್ಚಾಗಿ ಮೂವರಲ್ಲಿ ಹಂಚಿಹೋಯಿತು. ಕವಿಯು ಬರೆದನು, ಸಂಗೀತಗಾರನು ರಾಗ ಸಂಯೋಜಿಸಿದನು, ಗಾಯಕನು ಹಾಡಿದನು. ಪಿ. ಕಾಳಿಂಗರಾಯರು ತೆರೆದ ಈ ದಾರಿಯಲ್ಲಿ ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಮೊದಲಾದವರು ನಡೆದರು. ಕೆ. ಎಸ್. ನಿಸಾರ್ ಅಹಮದರ ಕವನಗಳಿಗೆ ಅನಂತಸ್ವಾಮಿಯವರು ರಾಗ ಕೂಡಿಸಿದ ನಿತ್ಯೋತ್ಸವ ಧ್ವನಿಸುರುಳಿಯು 1978ರಲ್ಲಿ ಹೊರಬಿದ್ದು, ಕವಿತೆಯನ್ನು ಮನೆಮನೆಗೂ ಕೊಂಡೊಯ್ದಿತು.

ಅದೇ 1978ರ ಕಾಡು ಕುದುರೆ ಚಲಚ್ಚಿತ್ರದ ಹಾಡಿಗಾಗಿ ಸುಬ್ಬಣ್ಣನವರಿಗೆ ಶ್ರೇಷ್ಠ ಹಿನ್ನೆಲೆ ಗಾಯಕರೆಂಬ ರಾಷ್ಟ್ರಪ್ರಶಸ್ತಿಯು ದೊರೆಯಿತು. ಈ ಗೌರವವನ್ನು ಪಡೆದ ಕನ್ನಡಿಗರಲ್ಲಿ ಅವರೇ ಮೊದಲಿಗರು. ಪದವನ್ನು ರಚಿಸಿ, ಚಿತ್ರವನ್ನೂ ನಿರ್ದೇಶಿಸಿದವರು ಚಂದ್ರಶೇಖರ ಕಂಬಾರರು. ಮುಂಬಯಿ ಮದರಾಸುಗಳ ಸಿರಿವಂತ ಚಿತ್ರೋದ್ಯಮಗಳ ಸಾಲಿನಲ್ಲಿ, ಉತ್ತರ ಕರ್ನಾಟಕದ ಜಾನಪದದ ಮಣ್ಣಿನಿಂದೆದ್ದ ಒಂದು ಹಾಡು ಮಲೆನಾಡಿನ ಒಬ್ಬ ವಕೀಲರ ಕಂಠದಲ್ಲಿ ಎದ್ದು ನಿಂತಿತು. 2008ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯವು ಅವರಿಗೆ ಗೌರವ ಡಾಕ್ಟರೇಟನ್ನಿತ್ತಿತು. 2022ರ ಆಗಸ್ಟ್ 11ರಂದು, ತಮ್ಮ 83ನೆಯ ವಯಸ್ಸಿನಲ್ಲಿ, ಅವರು ಬೆಂಗಳೂರಿನಲ್ಲಿ ದೇಹವನ್ನು ಬಿಟ್ಟರು.

ಇನ್ನು ನಾವು ಮಾಡತಕ್ಕದ್ದೇನು? ಆ ವರ್ಷದ ಸೆಪ್ಟೆಂಬರಿನಲ್ಲಿಯೇ ಸರ್ಕಾರವು ನಾಡಗೀತೆಯನ್ನು ಅನಂತಸ್ವಾಮಿಯವರ ಸಂಯೋಜನೆಯಲ್ಲಿ, 2 ನಿಮಿಷ 30 ಸೆಕೆಂಡುಗಳೊಳಗೆ ಹಾಡತಕ್ಕದ್ದೆಂದು ಆಜ್ಞೆ ಮಾಡಿತು. ಈ ವಿಷಯವು ಉಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಆಜ್ಞೆಯಲ್ಲಿ ದೋಷವನ್ನು ಹುಡುಕುವುದು ನಮ್ಮ ಉದ್ದೇಶವಲ್ಲ. ಆಜ್ಞೆಯು ರಾಗವನ್ನು ಗೊತ್ತುಮಾಡಬಲ್ಲುದು, ಕಾಲವನ್ನು ಅಳೆಯಬಲ್ಲುದು. ಹಾಡುವ ಮನಸ್ಸನ್ನು ಹುಟ್ಟಿಸಲಾರದು. ಎಷ್ಟೋ ಕಡೆಗಳಲ್ಲಿ ರಾಜ್ಯೋತ್ಸವದ ದಿನ ಯಂತ್ರವು ಹಾಡುತ್ತದೆ, ಮಕ್ಕಳು ತುಟಿ ಅಲ್ಲಾಡಿಸುತ್ತಾರೆ, ಅಧಿಕಾರಿಗಳು ಗಡಿಯಾರವನ್ನು ನೋಡುತ್ತಾರೆ. ಕನ್ನಡ ಡಿಂಡಿಮವನ್ನು ಬಾರಿಸಿರೆಂದು ಕರೆಕೊಟ್ಟ ಕುವೆಂಪುರವರ ಜಿಲ್ಲೆಯಲ್ಲಿಯೂ ಹೀಗಾದರೆ ನಾಚಿಕೆಗೇಡು.

ಆಕಾಶವಾಣಿಯಲ್ಲಿ ಹಾಡಿಗೆ ಮುಂಚೆ ರಚನೆ ಯಾರದು, ಸಂಯೋಜನೆ ಯಾರದು, ಹಾಡಿದವರಾರು ಎಂದು ಹೇಳುವ ಒಳ್ಳೆಯ ಪದ್ಧತಿಯುಂಟು. ಕೇಳುವವರು ಹಾಡಿನ ಜೊತೆಗೆ ಮೂರು ಹೆಸರುಗಳನ್ನೂ ಕಲಿಯುತ್ತಿದ್ದರು. ಈಗ ಅಂಗೈಯಲ್ಲಿ ಸಾವಿರ ಹಾಡುಗಳುಂಟು. ಎಷ್ಟಕ್ಕೋ ತಂದೆತಾಯಿಗಳ ಹೆಸರಿಲ್ಲ. ಹೆಸರನ್ನು ಮರೆತ ಜನರು ಋಣವನ್ನೂ ಮರೆಯುತ್ತಾರೆ.

ಆದುದರಿಂದ ನಮ್ಮ ಸೂಚನೆಯು ಅತ್ಯಲ್ಪವಾದದ್ದು. ಕುಪ್ಪಗಡ್ಡೆಯಂತಹ ಪ್ರತಿಯೊಂದು ಹೋಬಳಿಯ ಶಾಲೆಯಲ್ಲಿಯೂ ತಿಂಗಳಿಗೊಂದು ಕನ್ನಡ ಹಾಡನ್ನು, ಯಂತ್ರದ ಮೂಲಕವಲ್ಲದೆ ಬಾಯಿಂದ ಬಾಯಿಗೆ ಕಲಿಸಲಿ. ಕವಿಯ ಹೆಸರನ್ನೂ ಸಂಯೋಜಕರ ಹೆಸರನ್ನೂ ಕರಿಹಲಗೆಯ ಮೇಲೆ ಮೊದಲು ಬರೆಯಲಿ. ಸಭೆಗಳಲ್ಲಿ ಪ್ರಾರ್ಥನೆ ಹಾಡುವವರು ಆ ಹೆಸರುಗಳನ್ನು ಉಚ್ಚರಿಸಿಯೇ ಹಾಡಲಿ. ಇದಕ್ಕೆ ಹಣವೂ ಬೇಡ, ಕಾನೂನೂ ಬೇಡ. ಉಪಾಧ್ಯಾಯರಲ್ಲಿ ಸ್ವಲ್ಪ ಉತ್ಸಾಹ, ಅಧಿಕಾರಿಗಳಲ್ಲಿ ಸ್ವಲ್ಪ ಸಹಾನುಭೂತಿ ಇದ್ದರೆ ಸಾಕು.

ಸುಬ್ಬಣ್ಣನವರಿಗೆ ಕಲ್ಲಿನ ಸ್ಮಾರಕವನ್ನು ಕಟ್ಟುವವರು ಕಟ್ಟಲಿ. ನಾವು ಅಡ್ಡ ಬರುವುದಿಲ್ಲ. ಆದರೆ ಅವರ ಊರಿನಲ್ಲಿ ಕಲ್ಲಿನ ಸ್ಮಾರಕಗಳ ಗತಿಯೇನಾಯಿತೆಂಬುದನ್ನು ನಾವು ಕಂಡಿದ್ದೇವೆ. ಕೋಟೆ ಕುಸಿದ ನೆಲದಲ್ಲಿ ಹಾಡು ಉಳಿಯಿತು. ಮುಂದಿನ ಸಲ ನಾವು ಕುಪ್ಪಗಡ್ಡೆಗೆ ಹೋದಾಗ ಆ ಬಾಲಕನು ಮೊಬೈಲನ್ನು ನೋಡದೆ ಉತ್ತರ ಹೇಳುವಂತಾಗಲೆಂದು ಹಾರೈಸುತ್ತೇವೆ.