ಮನೆಯ ವೈದ್ಯನೂ ಹೋಬಳಿಯ ಆರೋಗ್ಯವೂ

ಹೊಳಲ್ಕೆರೆ ತಾಲ್ಲೂಕಿನ ತಾಳ್ಯ ಹೋಬಳಿಯ ರೈತನೊಬ್ಬನಿಗೆ ಸಿಹಿಮೂತ್ರರೋಗವಿದೆಯೆಂದು ಭಾವಿಸೋಣ. ಕಾಲಿನ ಹುಣ್ಣಿಗೆ ಚಿತ್ರದುರ್ಗದಲ್ಲಿ ಒಬ್ಬ ತಜ್ಞರು, ಕಣ್ಣಿಗೆ ಮತ್ತೊಬ್ಬರು, ಎದೆನೋವಿಗೆ ದಾವಣಗೆರೆಯಲ್ಲಿ ಮಗುದೊಬ್ಬರು. ಔಷಧದ ಚೀಟಿಗಳು ಮೂರು. ಮೂರನ್ನೂ ಕೂಡಿಸಿ ನೋಡುವವರು ಯಾರೂ ಇಲ್ಲ. ಈತನಿಗೆ ಬೇಕಾಗಿರುವವನು ನಾಲ್ಕನೆಯ ತಜ್ಞನಲ್ಲ, ಇವನ ಮನೆತನವನ್ನು ಬಲ್ಲ ಒಬ್ಬ ವೈದ್ಯ.

ಮನೆಯ ವೈದ್ಯನೆಂದರೆ ಅರೆಕಲಿತವನೆಂಬ ಭಾವನೆ ನಮ್ಮ ಪಟ್ಟಣಿಗರಲ್ಲಿ ಬೇರೂರಿದೆ. ಅದು ತಪ್ಪು. ಮಗುವಿನ ಜ್ವರ, ಬಸುರಿಯ ಆರೈಕೆ, ಮುದುಕರ ರಕ್ತದೊತ್ತಡ ಇವೆಲ್ಲವನ್ನೂ ನೋಡಿಕೊಂಡು, ತನ್ನ ಕೈಮೀರಿದ ರೋಗಿಯನ್ನು ತಡಮಾಡದೆ ಸರಿಯಾದ ಕಡೆಗೆ ಕಳುಹಿಸುವುದು ಅಲ್ಪ ವಿದ್ಯೆಯಲ್ಲ. ಚಿತ್ರದುರ್ಗ ಜಿಲ್ಲೆಯ ಅನೇಕ ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಅಂಶವು ಮಿತಿಮೀರಿದೆ. ಕೀಲುನೋವೆಂದು ಬಂದವನಿಗೆ ಯಾವ ಬಾವಿಯ ನೀರು ಕುಡಿಯುವೆಯೆಂದು ಕೇಳದೆ ಗುಳಿಗೆ ಕೊಡುವವನು ನೋವನ್ನು ಮರೆಸಿಯಾನು, ಕಾರಣವನ್ನು ಕಾಣಲಾರನು.

1946ರಲ್ಲಿ ಭೋರ್ ಸಮಿತಿಯು ಗ್ರಾಮಗಳಿಗೆ ಆರೋಗ್ಯ ಕೇಂದ್ರಗಳು ಬೇಕೆಂದು ಸೂಚಿಸಿತು. 1952ರಿಂದ ಅವು ಆರಂಭವಾದುವು. ಬಯಲುಸೀಮೆಯಲ್ಲಿ 30,000 ಜನರಿಗೊಂದು ಕೇಂದ್ರವೆಂಬುದು ಅಂಗೀಕೃತ ಪ್ರಮಾಣ. ಕಟ್ಟಡವನ್ನು ಲೆಕ್ಕ ಹಾಕಿದ ನಾವು ವೈದ್ಯನು ಎಷ್ಟು ಕಾಲ ನಿಲ್ಲುವನೆಂಬುದನ್ನು ಲೆಕ್ಕ ಹಾಕಲಿಲ್ಲ. ಕರ್ನಾಟಕದ 2012ರ ಕಾಯಿದೆಯು ಹೊಸ ವೈದ್ಯರಿಗೆ ಒಂದು ವರ್ಷದ ಸೇವೆಯನ್ನು ವಿಧಿಸಿತು. ಉದ್ದೇಶ ಸ್ತುತ್ಯ, ಆದರೆ ಮನೆತನಗಳ ಪರಿಚಯವಾಗುವಷ್ಟರಲ್ಲೇ ವರ್ಷ ಮುಗಿಯುತ್ತದೆ.

ಯೋಗ್ಯತೆಯ ಮಾರ್ಗವೂ ಇಲ್ಲದಿಲ್ಲ. ಎಂ.ಬಿ.ಬಿ.ಎಸ್. ವ್ಯಾಸಂಗ ನಾಲ್ಕೂವರೆ ವರ್ಷ, ಆಸ್ಪತ್ರೆಯ ತರಬೇತಿ ಒಂದು ವರ್ಷ. ಅದರ ಮೇಲೆ ರಾಷ್ಟ್ರೀಯ ಪರೀಕ್ಷಾ ಮಂಡಳಿಯು ಕುಟುಂಬ ವೈದ್ಯದಲ್ಲಿ ಮೂರು ವರ್ಷದ ಪದವಿಯನ್ನಿಟ್ಟಿದೆ. 2017ರ ರಾಷ್ಟ್ರೀಯ ಆರೋಗ್ಯ ನೀತಿಯೂ ಈ ಶಾಸ್ತ್ರಕ್ಕೆ ಪ್ರೋತ್ಸಾಹ ಬೇಕೆಂದಿದೆ. ಆದರೂ ಕೀರ್ತಿಯೂ ವರಮಾನವೂ ತಜ್ಞನ ಪಾಲಿಗೇ ಹೋಗುತ್ತಿರುವಾಗ ಯಾವ ತರುಣನು ಇತ್ತ ಬಂದಾನು?

ಸರಕಾರಕ್ಕೆ ನಮ್ಮ ವಿಜ್ಞಾಪನೆಯಿಷ್ಟು: ಜಿಲ್ಲಾಸ್ಪತ್ರೆಗಳಲ್ಲಿ ಈ ವ್ಯಾಸಂಗದ ಸ್ಥಾನಗಳು ಹೆಚ್ಚಲಿ, ಕಲಿತು ಬಂದವನಿಗೆ ತಜ್ಞನ ಸಮಾನವಾದ ವೇತನವೂ, ಹೋಬಳಿಯಲ್ಲಿ ಕನಿಷ್ಠ ಐದು ವರ್ಷದ ನೆಲೆಯೂ, ವಾಸಕ್ಕೆ ಯೋಗ್ಯವಾದ ಮನೆಯೂ ದೊರೆಯಲಿ. ಅಧಿಕಾರಿಗಳು ವರ್ಗಾವಣೆಯ ಕಾಗದಕ್ಕೆ ರುಜು ಹಾಕುವ ಮೊದಲು, ಆ ವೈದ್ಯನೊಡನೆ ಎಷ್ಟು ಮನೆಗಳ ತಿಳಿವಳಿಕೆಯು ಊರುಬಿಟ್ಟು ಹೋಗುತ್ತದೆಂಬುದನ್ನು ಯೋಚಿಸಲಿ. ಓದುಗ ಮಹಾಶಯರಾದರೂ ನೆಗಡಿಗೂ ತಜ್ಞರನ್ನು ಅರಸುವ ಚಾಳಿಯನ್ನು ಬಿಡಲಿ. ನಾವು ಗೌರವಿಸದ ವೈದ್ಯನು ನಮ್ಮೂರಿನಲ್ಲಿ ನಿಲ್ಲಬೇಕೆಂದು ಕೇಳುವ ಅಧಿಕಾರ ನಮಗೆಲ್ಲಿಯದು?